ಆಡದ ಮಾತಿನ ಹೊಣೆ

ಜಗಳಗಳು ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಕೇಳಿಬರುವ ಮಾತೊಂದುಂಟು: "ನಾನು ಹಾಗೆ ಹೇಳಲೇ ಇಲ್ಲವಲ್ಲ!" ಅದಕ್ಕೆ ಎದುರಿನವನು, "ಹೇಳಲಿಲ್ಲ, ನಿಜ; ಆದರೆ ನಿನ್ನ ಮಾತಿನ ಅರ್ಥ ಅದೇ" ಎನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ನುಡಿಯುತ್ತಿರುವರು. ಮೊದಲನೆಯವನ ಬಾಯಿಂದ ಆ ಶಬ್ದಗಳು ಹೊರಟಿಲ್ಲವೆಂಬುದಕ್ಕೆ ಸುತ್ತ ನಿಂತವರೆಲ್ಲ ಸಾಕ್ಷಿ. ಎರಡನೆಯವನ ಮನಸ್ಸಿಗೆ ಆ ಅರ್ಥವು ತಗುಲಿತೆಂಬುದಕ್ಕೆ ಅವನ ಮುಖವೇ ಸಾಕ್ಷಿ. ಹಾಗಾದರೆ ಬಾಯಿಂದ ಹೊರಡದೆ ಕಿವಿಯನ್ನು ಮುಟ್ಟಿದ ಆ ಅರ್ಥವು ಯಾರದು? ಅದರಿಂದ ಒದಗಿದ ನೋವಿಗಾಗಲಿ ನಷ್ಟಕ್ಕಾಗಲಿ ಹೊಣೆಗಾರರು ಯಾರು? ಕಾವ್ಯದಲ್ಲಿ ಇಂತಹ ಅರ್ಥಕ್ಕೆ ಧ್ವನಿಯೆಂದು ಹೆಸರಿಟ್ಟು ನಮ್ಮ ಹಿರಿಯರು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಅದನ್ನು ಕೊಂಡಾಡುತ್ತ ಬಂದಿದ್ದಾರೆ. ಸಂಸಾರದ ಮಾತಿನಲ್ಲಿ ಅದೇ ಧ್ವನಿಯು ಧರ್ಮಾಧರ್ಮಗಳ ಪ್ರಶ್ನೆಯನ್ನೂ ತಂದೊಡ್ಡುತ್ತದೆ. ಆ ಕಡೆಗೆ ವಾಚಕರ ಗಮನವನ್ನು ಸೆಳೆಯುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮ ಬಳ್ಳಾರಿಯ ಕಂಟೋನ್ಮೆಂಟು ಒಳ್ಳೆಯ ಸ್ಥಳ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪೆನಿಯವರಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ಸೈನ್ಯವು ಬೀಡುಬಿಟ್ಟಿತು. ಅದರ ಹೆಸರು ಇಂದಿಗೂ ಬಡಾವಣೆಗೂ ರೈಲ್ವೆ ನಿಲ್ದಾಣಕ್ಕೂ ಉಳಿದುಬಂದಿದೆ. ಕವಾಯತಿನ ಬಯಲಿನಲ್ಲಿ ಆಡುವ ಮಾತಿಗೆ ಒಂದೇ ಅರ್ಥ. ಬಲಕ್ಕೆ ತಿರುಗು ಎಂದರೆ ಬಲಕ್ಕೆ ತಿರುಗತಕ್ಕದ್ದು. ಹೀಗೆ ಅಪ್ಪಣೆಯಾದುದರ ಒಳಗುಟ್ಟೇನು, ಈ ಹೊತ್ತು ಸಾಹೇಬರ ಮನಸ್ಸು ಸರಿಯಿಲ್ಲವೋ ಏನೋ, ಎಂದು ಯೋಚಿಸುತ್ತ ನಿಂತವನು ಸಿಪಾಯಿಯಾಗಲಾರನು. ಭಾಷೆಯಲ್ಲಿ ವಾಚ್ಯಾರ್ಥವನ್ನು ಮಾತ್ರ ಉಳಿಸಿ ಮಿಕ್ಕುದನ್ನೆಲ್ಲ ಕತ್ತರಿಸಿಹಾಕಿದ ಸ್ಥಳ ಅದು. ಆದರೆ ಅದೇ ಬಯಲನ್ನು ದಾಟಿ ಕೌಲ್ ಬಜಾರಿನ ಅಂಗಡಿಗಳ ಸಾಲಿಗೆ ಬಂದರೆ ಬೇರೊಂದು ಪ್ರಪಂಚ. ಅಲ್ಲಿ "ನೋಡೋಣ" ಎಂದರೆ ಆಗುವುದಿಲ್ಲವೆಂದು ಅರ್ಥ. "ನಿಮಗಿಂತ ಹೆಚ್ಚೇನ್ರೀ" ಎಂದರೆ ಬೆಲೆಯನ್ನು ಇಳಿಸುವುದಿಲ್ಲವೆಂದು ಅರ್ಥ. ಭಿಕ್ಷುಕನಿಗೆ "ಮುಂದೆ ಹೋಗಪ್ಪಾ" ಎಂದರೆ ಅವನು ಯಾವ ಕಡೆಗೆ ಹೋದರೂ ಬಾಧಕವಿಲ್ಲ, ಇಲ್ಲಿ ನಿಲ್ಲಬಾರದು ಅಷ್ಟೆ. ಕೌಲ್ ಎಂಬ ಪದವೇ ಈ ಸಂದರ್ಭದಲ್ಲಿ ನೆನೆಯತಕ್ಕದ್ದಾಗಿದೆ. ಅರಬ್ಬಿಯಲ್ಲಿ ಅದಕ್ಕೆ 'ಮಾತು' ಎಂದು ಅರ್ಥ. ಕಂದಾಯದ ಭಾಷೆಗೆ ಬಂದಾಗ ಅದು 'ಕರಾರು', 'ಅಭಯವಚನ' ಎಂದಾಯಿತು. ಆಡಿದುದಕ್ಕೂ ಕೊಟ್ಟ ಭಾಷೆಗೂ ಒಂದೇ ಶಬ್ದ. ನಮ್ಮ ಕನ್ನಡದಲ್ಲಿಯೂ 'ಮಾತು ಕೊಟ್ಟನು' ಎಂದೇ ಅನ್ನುವೆವಲ್ಲವೆ?

ಮನೆಯೊಳಗಂತೂ ವ್ಯಂಗ್ಯಾರ್ಥವಿಲ್ಲದೆ ಒಂದು ದಿನವೂ ಸಾಗದು. ಹೊರಡುವಾತನು "ಬರ್ತೀನ್ರಿ" ಎನ್ನುತ್ತಾನೆ. ಹೋಗುತ್ತೇನೆಂದು ಹೇಳುವುದು ಅಮಂಗಳ. ರಾತ್ರಿ ದೀಪವನ್ನು ಆರಿಸುವಾಗ ಹಿರಿಯರು ಅದನ್ನು ದೊಡ್ಡದು ಮಾಡೆನ್ನುವರು. ಹಾವನ್ನು ಹುಳವೆನ್ನುವರು. ನಮ್ಮ ಊರಿನ ತೆಲುಗು ಮನೆಗಳಲ್ಲಿ ಅಕ್ಕಿ ತೀರಿಹೋದಾಗ ಗೃಹಿಣಿಯು "ಬಿಯ್ಯಂ ನಿಂಡುಕುನ್ನಾಯಿ" ಎನ್ನುತ್ತಾಳೆ. ಪದಶಃ ನೋಡಿದರೆ ಅಕ್ಕಿ ತುಂಬಿತೆಂದು ಅರ್ಥ. ತುಂಬಿತೆಂಬ ಮಾತನ್ನು ಕೇಳಿ ಯಜಮಾನನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಡುತ್ತಾನೆ! ಕನ್ನಡ ಬಲ್ಲ, ತೆಲುಗು ಅರಿಯದ ಸೊಸೆಯು ಆ ಮನೆಗೆ ಬಂದರೆ, ಮೊದಲ ತಿಂಗಳಲ್ಲಿ ಅವಳು ಕಲಿಯಬೇಕಾದುದು ನಿಘಂಟಿನ ತೆಲುಗಲ್ಲ, ಈ ತೆಲುಗು. ಬಾಗಿನಕ್ಕೆ ಬಂದ ಮುತ್ತೈದೆಗೆ ಕುಂಕುಮದ ಬಟ್ಟಲನ್ನು ಮುಂದೆ ಹಿಡಿದರೆ ಅದು ಸತ್ಕಾರವೂ ಹೌದು, ಇನ್ನು ಹೊರಡಬಹುದೆಂಬ ಸೂಚನೆಯೂ ಹೌದು. ಇವೆಲ್ಲವೂ ರೂಢಿಯಿಂದ ಗಟ್ಟಿಯಾದ ವ್ಯಂಗ್ಯಗಳು. ಇವುಗಳಲ್ಲಿ ಕಪಟವಿಲ್ಲ, ಒಮ್ಮೆ ತಿಳಿದರೆ ತೀರಿತು.

ಈ ಊರಿನಲ್ಲಿಯೇ ನಿಘಂಟಿನ ಕೆಲಸವೂ ನಡೆದುದನ್ನು ಇಲ್ಲಿ ಸ್ಮರಿಸಬಹುದು. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಎಂಬಾತನು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಬೈಬಲನ್ನು ಭಾಷಾಂತರಿಸಲು ತೊಡಗಿದನು. 1831ರಲ್ಲಿ ಆ ಕಾರ್ಯವು ಪೂರ್ಣವಾಯಿತು. ಅದೇ ಮಿಷನಿನ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದನು. ಆ ಕಾಲಕ್ಕೆ ಅದು ಅಸಾಧಾರಣವಾದ ಶ್ರಮ. ಆದರೆ 'ನೋಡು' ಎಂಬ ಧಾತುವಿನ ಎದುರಿಗೆ ನಿಘಂಟುಕಾರನು ಎಷ್ಟೇ ಅರ್ಥಗಳನ್ನು ಬರೆದರೂ, ಸಾಲ ಕೇಳಲು ಬಂದವನಿಗೆ ಸಾಹುಕಾರನು ಹೇಳುವ "ನೋಡೋಣ" ಎಂಬುದರ ಅರ್ಥವು ಅಲ್ಲಿ ಸಿಕ್ಕಲಾರದು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟಿನಲ್ಲಿ ಅಷ್ಟೊಂದು ಗಾದೆಗಳನ್ನು ಸೇರಿಸಿರುವುದಕ್ಕೆ, ಪದವು ಬಾಳುವ ರೀತಿಯನ್ನು ತೋರಿಸದೆ ಪದದ ಅರ್ಥವನ್ನು ತೋರಿಸಲಾಗದೆಂಬ ತಿಳಿವಳಿಕೆಯೂ ಒಂದು ಕಾರಣವಾಗಿದ್ದಿರಬೇಕೆಂದು ನನ್ನ ಊಹೆ.

ಪ್ರಾಚೀನರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದು ಸುಶಿಕ್ಷಿತರಿಗೆ ತಿಳಿದ ಸಂಗತಿಯೇ. ಶಬ್ದಕ್ಕೆ ನೇರವಾಗಿ ಅಂಟಿಕೊಂಡ ಅರ್ಥವನ್ನು ಕೊಡುವ ಶಕ್ತಿ ಅಭಿಧೆ. ಆ ಅರ್ಥವು ಹೊಂದದಾಗ ಅದಕ್ಕೆ ಸಂಬಂಧಪಟ್ಟ ಇನ್ನೊಂದನ್ನು ಕೊಡುವುದು ಲಕ್ಷಣೆ. ಗಂಗೆಯಲ್ಲಿ ಹಳ್ಳಿಯಿದೆಯೆಂದರೆ ನೀರಿನೊಳಗಲ್ಲ, ದಂಡೆಯ ಮೇಲೆ ಎಂದು ತಿಳಿಯುವುದು ಶಾಸ್ತ್ರದ ಉದಾಹರಣೆ. ಸಿರುಗುಪ್ಪವು ಹೊಳೆಯ ಮೇಲಿನ ಊರೆಂದು ನಾವು ಹೇಳುವಾಗಲೂ ತುಂಗಭದ್ರೆಯ ಮೇಲೆ ಅದು ತೇಲುತ್ತಿದೆಯೆಂದು ಯಾರೂ ಭಾವಿಸುವುದಿಲ್ಲ. ಇವೆರಡೂ ತಮ್ಮ ಕೆಲಸವನ್ನು ಮುಗಿಸಿದ ಮೇಲೆಯೂ ಮನಸ್ಸಿಗೆ ಹೊಳೆಯುವ ಮತ್ತೊಂದು ಅರ್ಥವನ್ನು ಕೊಡುವುದು ವ್ಯಂಜನೆ. ಸೂರ್ಯನು ಮುಳುಗಿದನೆಂಬ ಒಂದೇ ವಾಕ್ಯವು ದನಗಾಹಿಗೆ ದನಗಳನ್ನು ಹೊಡೆದುಕೊಂಡು ಬಾ ಎಂದೂ, ಸಂಧ್ಯಾವಂದನೆ ಮಾಡುವವನಿಗೆ ಸ್ನಾನಕ್ಕೆ ಏಳು ಎಂದೂ, ವ್ಯಾಪಾರಿಗೆ ಅಂಗಡಿಯನ್ನು ಕಟ್ಟು ಎಂದೂ ತಿಳಿಸುತ್ತದೆಂದು ಮಮ್ಮಟನು ವಿವರಿಸುತ್ತಾನೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದು ಸ್ಥಾಪಿಸಿದನು. ಅದೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ನಮ್ಮ ಕವಿರಾಜಮಾರ್ಗದಲ್ಲಿಯೂ ಧ್ವನಿಯ ಹೆಸರು ಬರುತ್ತದೆ. ಆದರೆ ಅಲ್ಲಿ ಅದು ಅಲಂಕಾರಗಳ ಸಾಲಿನಲ್ಲಿ ಕುಳಿತಿದೆ.

ಪಂಡಿತರು ಇದನ್ನೆಲ್ಲ ಕಾವ್ಯಕ್ಕೆ ಸಂಬಂಧಿಸಿದ ಚರ್ಚೆಯೆಂದು ಬಗೆದು ಅಲ್ಲಿಗೇ ಬಿಡುವುದು ವಾಡಿಕೆ. ಅದರೊಳಗೆ ವ್ಯವಹಾರಕ್ಕೆ ತಾಗುವ ಒಂದು ವಿವಾದವು ಅಡಗಿದೆ. ಹನ್ನೊಂದನೆಯ ಶತಮಾನದಲ್ಲಿ ಮಹಿಮಭಟ್ಟನೆಂಬಾತನು ವ್ಯಕ್ತಿವಿವೇಕವೆಂಬ ಗ್ರಂಥವನ್ನು ಬರೆದು, ವ್ಯಂಜನೆಯೆಂಬ ಬೇರೊಂದು ಶಕ್ತಿಯೇ ಇಲ್ಲ, ಕೇಳಿದವನು ಮಾಡಿಕೊಳ್ಳುವ ಅನುಮಾನವೇ ಅದು ಎಂದು ವಾದಿಸಿದನು. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂತೆ ಮಾತನ್ನು ಕೇಳಿ ಅಭಿಪ್ರಾಯವನ್ನು ತಿಳಿಯುವುದು, ಅಷ್ಟೆ. ಮೇಲುನೋಟಕ್ಕೆ ಇದು ಶಾಸ್ತ್ರದ ಕೂದಲು ಸೀಳುವ ಕೆಲಸದಂತೆ ತೋರುತ್ತದೆ. ಆದರೆ ನಮ್ಮ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನೋಡಿರಿ. ವ್ಯಂಗ್ಯಾರ್ಥವು ಮಾತಿನದೇ ವ್ಯಾಪಾರವಾದರೆ ಅದನ್ನು ಆಡಿದವನು ಅದಕ್ಕೆ ಹೊಣೆಗಾರನಾಗಬೇಕು. ಅದು ಕೇಳಿದವನ ಅನುಮಾನವಾದರೆ ತಪ್ಪಾಗಿ ಊಹಿಸಿದ ಪಾಪವು ಕೇಳಿದವನದು. "ನಾನು ಹಾಗೆ ಹೇಳಲೇ ಇಲ್ಲ" ಎನ್ನುವವನು ತನಗೆ ಅರಿವಿಲ್ಲದೆಯೇ ಮಹಿಮಭಟ್ಟನ ಪಕ್ಷದ ವಕೀಲನು. "ನಿನ್ನ ಮಾತಿನ ಅರ್ಥ ಅದೇ" ಎನ್ನುವವನು ಆನಂದವರ್ಧನನ ಕಡೆಯವನು.

ಮೀಮಾಂಸಕರ ಸ್ಥೂಲ ದೇವದತ್ತನನ್ನು ಇಲ್ಲಿಗೆ ಕರೆತರಬಹುದು. ದೇವದತ್ತನು ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಆದುದರಿಂದ ರಾತ್ರಿ ಉಣ್ಣುತ್ತಿರಬೇಕು. ಇದು ಅರ್ಥಾಪತ್ತಿ. ಸಂಗತಿಗಳನ್ನು ಸುಮ್ಮನೆ ಹೇಳಿದವನಿಗೆ ಇಲ್ಲಿ ಯಾವ ದುರುದ್ದೇಶವೂ ಇಲ್ಲ. ತೀರ್ಮಾನವನ್ನು ನಾವು ಮಾಡಿಕೊಂಡೆವು. ಆದರೆ ದೇವದತ್ತನು ಏಕಾದಶಿಯ ಉಪವಾಸಕ್ಕೆ ಹೆಸರಾದವನೆಂದು ಇಟ್ಟುಕೊಳ್ಳಿ. ನೆರೆಮನೆಯವನು ನಾಲ್ಕು ಜನರ ಮುಂದೆ, "ಎಷ್ಟು ಉಪವಾಸ ಮಾಡಿದರೂ ನಮ್ಮ ದೇವದತ್ತನವರ ಮೈ ಸ್ವಲ್ಪವೂ ಇಳಿಯಲಿಲ್ಲ ನೋಡಿರಿ, ದೇವರ ದಯೆ!" ಎಂದನೆಂದು ಇಟ್ಟುಕೊಳ್ಳಿ. ಸಂಗತಿಯು ಅದೇ, ತೀರ್ಮಾನವೂ ಅದೇ. ಆದರೆ ಈ ಸಲ ಆ ತೀರ್ಮಾನವನ್ನು ಅವನೇ ನಮ್ಮ ಕೈಗೆ ಇಟ್ಟನು. ಇಟ್ಟು ಕೈಯನ್ನು ಹಿಂದಕ್ಕೆ ಎಳೆದುಕೊಂಡನು.

ಹೀಗೆ ಹಿಂದಕ್ಕೆ ಎಳೆದುಕೊಳ್ಳಬಹುದೆಂಬುದೇ ಸೂಚ್ಯಾರ್ಥದ ಮುಖ್ಯ ಲಕ್ಷಣಗಳಲ್ಲೊಂದೆಂದು ಇಂಗ್ಲೆಂಡಿನ ತತ್ತ್ವಜ್ಞ ಪಾಲ್ ಗ್ರೈಸ್ ತೋರಿಸಿಕೊಟ್ಟನು. ಅವನು 1967ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳ ಒಂದು ಭಾಗವು 1975ರಲ್ಲಿ ಅಚ್ಚಾಯಿತು. ಮಾತಾಡುವವರಿಬ್ಬರೂ ಪರಸ್ಪರ ಸಹಕರಿಸುತ್ತಿರುವರೆಂಬ ನಂಬಿಕೆಯ ಮೇಲೆಯೇ ಸಂಭಾಷಣೆಯು ನಿಂತಿದೆಯೆಂದೂ, ಒಬ್ಬನು ಬೇಕಾದುದಕ್ಕಿಂತ ಕಡಿಮೆ ಹೇಳಿದರೆ ಅಥವಾ ಸಂಬಂಧವಿಲ್ಲದುದನ್ನು ಹೇಳಿದರೆ ಕೇಳುವಾತನು ಆ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಒಳ ಅರ್ಥವನ್ನು ಹುಡುಕುತ್ತಾನೆಂದೂ ಅವನ ವಾದ. ತತ್ತ್ವಶಾಸ್ತ್ರದ ಉಪಾಧ್ಯಾಯ ಪದವಿಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರುವು, ಇವನ ಇಂಗ್ಲಿಷು ಚೆನ್ನಾಗಿದೆ, ಪಾಠಕ್ಕೆ ತಪ್ಪದೆ ಬರುತ್ತಿದ್ದನು, ಎಂದಷ್ಟೇ ಬರೆದು ಕಳುಹಿಸುವುದು ಅವನು ಕೊಡುವ ಉದಾಹರಣೆ. ಅಷ್ಟು ದೂರ ಹೋಗಬೇಕಾಗಿಲ್ಲ. ವರನ ವಿಷಯವನ್ನು ವಿಚಾರಿಸಲು ಬಂದವರಿಗೆ ನೆರೆಯವರು, "ಅವರ ತಂದೆ ಬಹಳ ದೊಡ್ಡ ಮನುಷ್ಯರಾಗಿದ್ದರು, ಮನೆಯೂ ಗಾಳಿ ಬೆಳಕಿನದು" ಎಂದು ಹೇಳಿ ಸುಮ್ಮನಾದರೆ, ಹೆಣ್ಣಿನ ಕಡೆಯವರು ಮರುಮಾತಾಡದೆ ಎದ್ದುಬರುತ್ತಾರೆ. ನಾಳೆ ವರನು ಬಂದು ಗದರಿಸಿದರೆ ನೆರೆಯವರು, "ನಾನು ನಿನ್ನ ಮೇಲೆ ಒಂದು ಮಾತನ್ನಾದರೂ ಆಡಿದೆನೆ?" ಎಂದು ಕೇಳಬಹುದು. ವಾಚ್ಯವಾಗಿ ಆಡಿದುದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಸೂಚಿಸಿದುದನ್ನು ಅಲ್ಲಗಳೆದರೆ ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ. ಹೇಡಿಗೂ ಸಜ್ಜನನಿಗೂ ಸಮನಾಗಿ ಒದಗುವ ಆಶ್ರಯ ಅದು.

ಕಾನೂನು ಈ ಆಶ್ರಯವನ್ನು ಸಂಪೂರ್ಣವಾಗಿ ಒಪ್ಪಿಲ್ಲವೆಂಬುದು ಗಮನಾರ್ಹ. 1860ರ ದಂಡಸಂಹಿತೆಯ 499ನೆಯ ಕಲಮಿಗೆ ಕೊಟ್ಟ ವಿವರಣೆಗಳಲ್ಲೊಂದರ ಪ್ರಕಾರ, ಆರೋಪವನ್ನು ವ್ಯಂಗ್ಯವಾಗಿ ಆಡಿದರೂ ಅದು ಮಾನಹಾನಿಯಾಗಬಹುದು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ವಿವರಣೆಯು ಉಳಿದಿದೆ. 1872ರ ಕರಾರು ಕಾಯಿದೆಯ ಒಂಬತ್ತನೆಯ ಕಲಮು ಮಾತಿನಿಂದಾದ ವಾಗ್ದಾನವನ್ನೂ ಮಾತಲ್ಲದ ರೀತಿಯಿಂದಾದ ವಾಗ್ದಾನವನ್ನೂ ಬೇರೆ ಬೇರೆ ಹೆಸರಿನಿಂದ ಕರೆದು ಎರಡಕ್ಕೂ ಸ್ಥಾನವನ್ನು ಕೊಡುತ್ತದೆ. ಕಂಟೋನ್ಮೆಂಟ್ ನಿಲ್ದಾಣದ ಹೊರಗೆ ನಿಂತ ಗಾಡಿಯನ್ನು ಹತ್ತಿ ಕುಳಿತವನು ಬಾಡಿಗೆಯನ್ನು ಕೊಡುತ್ತೇನೆಂದು ಬಾಯಿಬಿಟ್ಟು ಹೇಳದಿದ್ದರೂ ಕೊಡಲೇಬೇಕು. ಆದರೆ ಕಾನೂನಿನ ಕೈ ಕೆಲವು ಕಡೆಗೆ ಮಾತ್ರ ಮುಟ್ಟುತ್ತದೆ; ಮಿಕ್ಕ ಸಂಸಾರವೆಲ್ಲ ಅದರ ಹೊರಗಿದೆ.

ಹೊಣೆಯು ಆಡಿದವನದೋ ಕೇಳಿದವನದೋ ಎಂಬುದನ್ನು ಶಬ್ದಶಕ್ತಿಯ ವಿಚಾರದಿಂದ ಮಾತ್ರ ತೀರ್ಮಾನಿಸಲಾಗದೆಂದು ನನಗೆ ತೋರುತ್ತದೆ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದುಂಟು: ಇವರಿಬ್ಬರಲ್ಲಿ ನೇರವಾಗಿ ಆಡುವ ಸ್ವಾತಂತ್ರ್ಯವು ಯಾರಿಗಿತ್ತು? ಸ್ವಾತಂತ್ರ್ಯವಿದ್ದೂ ಮಾತನ್ನು ಮರೆಯಲ್ಲಿಟ್ಟವನ ಮೇಲೆ ಅದರ ಅರ್ಥದ ಭಾರವು ಬೀಳಬೇಕು. ಸ್ವಾತಂತ್ರ್ಯವಿಲ್ಲದುದರಿಂದ ಸೂಚಿಸಿ ನಿಲ್ಲಿಸಿದವನ ಮಾತನ್ನು ತಿಳಿಯುವ ಭಾರವು ಕೇಳುವವನ ಮೇಲೆ ಬೀಳಬೇಕು.

ಸಾಹುಕಾರನ ಕಟ್ಟೆಗೆ ಬಂದ ರೈತನ ಮಾತನ್ನು ನೋಡಿರಿ. ಕುರುಗೋಡಿನ ಕಡೆಯ ಕರಿಮಣ್ಣಿನ ಹೊಲದವನು ಬಂದು ಕುಳಿತುಕೊಂಡು, "ಈ ಸಲ ಮಳಿ ಹೆಂಗಾತು ಅಂಬೋದು ನಿಮಗೆ ಗೊತ್ತೇ ಐತಲ್ರೀ, ಧಣಿ" ಎನ್ನುತ್ತಾನೆ. ಅವನು ಮಳೆಯ ವರದಿಯನ್ನು ಒಪ್ಪಿಸಲು ಹತ್ತು ಹರದಾರಿ ಬಂದವನಲ್ಲ. ಕಂತನ್ನು ಮುಂದೂಡಿರೆಂದು ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನಿಸಿಕೊಳ್ಳಬೇಕಾದೀತು. ಇಲ್ಲವೆಂದ ಮೇಲೆ ನಾಳೆ ಬೀಜಕ್ಕೆ ಅದೇ ಕಟ್ಟೆಗೆ ಬರುವುದು ಹೇಗೆ? ಆದುದರಿಂದ ಅವನು ಪ್ರಾರ್ಥನೆಯನ್ನು ಮಳೆಯ ಮಾತಿನಲ್ಲಿ ಕಟ್ಟಿ ಇಡುತ್ತಾನೆ. ಧಣಿಯು ಅದನ್ನು ಬಿಚ್ಚಿ ನೋಡಬಹುದು, ಅಥವಾ "ಹೌದಪ್ಪಾ, ಎಲ್ಲಾ ಕಡೆ ಹಾಗೇ ಐತಂತೆ" ಎಂದು ಮಳೆಗೆ ಮಳೆಯನ್ನೇ ಉತ್ತರವಾಗಿ ಕೊಟ್ಟು ಕಳುಹಿಸಬಹುದು. ಈ ಎರಡನೆಯವನು ಒಂದು ಸುಳ್ಳನ್ನೂ ಆಡಲಿಲ್ಲ, ಒಂದು ಕಠಿಣ ಮಾತನ್ನೂ ಆಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ತಿಳಿದೂ ತಿಳಿಯದಂತೆ ಇದ್ದನು. ಕಿವುಡನಂತೆ ನಟಿಸುವುದನ್ನು ನಾವೆಲ್ಲರೂ ಕಪಟವೆನ್ನುತ್ತೇವೆ. ಕಿವಿ ಕೇಳಿದರೂ ಮನಸ್ಸನ್ನು ಕಿವುಡು ಮಾಡಿಕೊಳ್ಳುವುದಕ್ಕೆ ಮಾತ್ರ ವ್ಯವಹಾರ ಚಾತುರ್ಯವೆಂಬ ಹೆಸರು ಸಲ್ಲುತ್ತಿದೆ.

ಇದಕ್ಕೆ ತಿರುಗುಮುರುಗಾದುದು ಮೇಲಧಿಕಾರಿಯ ಸೂಚನೆ. ಕೈಕೆಳಗಿನ ಗುಮಾಸ್ತನನ್ನು ಕರೆದು, "ಆ ಕಾಗದಗಳು ಇಷ್ಟು ಬೇಗ ಮೇಲಕ್ಕೆ ಹೋಗಬೇಕೆಂದೇನೂ ಇಲ್ಲ, ಅಲ್ಲವೆ?" ಎಂದು ಕೇಳುವವನು ಬಹಳ ಸ್ವಾತಂತ್ರ್ಯವುಳ್ಳವನು. ತಡೆದಿಡು ಎಂದು ಅಪ್ಪಣೆ ಮಾಡುವ ಅಧಿಕಾರವು ಅವನಿಗಿದೆ. ಆದರೆ ಆ ಅಪ್ಪಣೆಯ ಅಡಿಯಲ್ಲಿ ತನ್ನ ರುಜು ಬೀಳಬಾರದೆಂಬುದೇ ಅವನ ಅಭಿಪ್ರಾಯ. ವಿಷಯವು ಬಯಲಾದ ದಿನ ಕಾಗದವನ್ನು ತಡೆದವನು ಗುಮಾಸ್ತನೇ ಆಗಿರುತ್ತಾನೆ. "ನಾನು ಕೇಳಿದ್ದು ಒಂದು ಪ್ರಶ್ನೆ, ಅಷ್ಟೆ" ಎನ್ನುವ ಮೇಲಧಿಕಾರಿಯ ಮಾತನ್ನು ವ್ಯಾಕರಣವು ಸಮರ್ಥಿಸುತ್ತದೆ. ಕವಾಯತಿನ ಬಯಲಿನ ಒರಟು ಭಾಷೆಗೆ ಇರುವ ಒಂದು ಗುಣವು ಇಲ್ಲಿ ನೆನಪಾಗುತ್ತದೆ: ಅಲ್ಲಿ ಅಪ್ಪಣೆ ಕೊಟ್ಟವನು ಯಾರೆಂಬುದು ಎಲ್ಲರಿಗೂ ಕೇಳಿಸಿರುತ್ತದೆ.

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತುಗಳನ್ನು ಮುಗಿಸಿ ಹೇಳುವ "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂಬ ಮಾತನ್ನು ಯಾವ ಪಟ್ಟಿಗೆ ಸೇರಿಸುವುದು? ಬಲ್ಲವರಿಗೆ ಅದರ ಅರ್ಥವು ಆಗಲೇ ತಿಳಿದುಹೋಗುತ್ತದೆ. ಹುಡುಗಿಯ ಎದುರಿಗೆ ಬೇಡವೆನ್ನುವುದು ಕ್ರೌರ್ಯ. ಆದುದರಿಂದ ಆ ಮಾತಿನಲ್ಲಿ ದಯೆಯಿದೆಯೆಂದು ಒಪ್ಪೋಣ. ಆದರೆ ಒಮ್ಮೊಮ್ಮೆ ಅದನ್ನು ಅಕ್ಷರಶಃ ಆಡುವವರೂ ಇದ್ದಾರೆ. ನಿಜವಾಗಿಯೂ ಊರಿಗೆ ಹೋಗಿ, ಹಿರಿಯರನ್ನು ಕೇಳಿ, ಒಪ್ಪಿಗೆಯನ್ನು ಬರೆಯುತ್ತಾರೆ. ಆ ಒಂದು ಸಂಭವದ ಬಾಗಿಲು ತೆರೆದಿರುವುದರಿಂದಲೇ ತಂದೆಯಾದವನು ಹದಿನೈದು ದಿನ ಅಂಚೆಯವನ ದಾರಿಯನ್ನು ಕಾಯುತ್ತಾನೆ. ಈಗ ಕಾಗದದ ಸ್ಥಾನಕ್ಕೆ ದೂರವಾಣಿ ಬಂದಿದೆ, ಕಾಯುವುದು ಹೋಗಿಲ್ಲ. ಬಿಟ್ಟುಹೋದ ದಿನ ಆಡಿದ ಮೃದುವಾದ ಮಾತಿಗಾಗಿ ಬೀಗರನ್ನು ದೂರಲಾಗದು. ಹದಿನೈದು ದಿನವಾದರೂ ಎರಡು ಸಾಲು ಬರೆಯದಿದ್ದರೆ ಆ ಮೃದುತ್ವದಲ್ಲಿ ಅರ್ಧ ಸೋಮಾರಿತನವಿತ್ತೆಂದು ತಿಳಿಯಬೇಕು.

ಕೇಳುವವರ ಕಡೆಯಲ್ಲಿಯೂ ದೋಷವಿಲ್ಲದಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯು ಎಲ್ಲರಿಗೂ ತಿಳಿದುದೇ. ಅವನಿಗಾದರೂ ಕುಂಬಳಕಾಯಿಯನ್ನು ಹೊತ್ತ ಕಾರಣವಿತ್ತು. ಕಾರಣವಿಲ್ಲದೆ ಹೆಗಲು ಮುಟ್ಟಿಕೊಳ್ಳುವವರೂ ಉಂಟು. ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆಯೆಂದು ಅತ್ತೆಯವರು ಅಂದರೆ ಅದು ಬರಿಯ ಉಪ್ಪಿನ ಮಾತೇ ಆಗಿರಬಹುದು. ಅದರಲ್ಲಿ ತನ್ನ ತವರಿನ ನಿಂದೆಯನ್ನು ಕೇಳಿಸಿಕೊಂಡು ಕಣ್ಣೊರೆಸಿಕೊಳ್ಳುವ ಸೊಸೆಯನ್ನು ಮಹಿಮಭಟ್ಟನ ನ್ಯಾಯಸ್ಥಾನದಲ್ಲಿಯೇ ನಿಲ್ಲಿಸಬೇಕಾಗುತ್ತದೆ. ಅಲ್ಲಿಯೂ ನ್ಯಾಯಾಧೀಶನು, ಇದಕ್ಕೆ ಹಿಂದೆ ಅವಳು ಎಷ್ಟು ಸಲ ಉಪ್ಪಿನ ಮಾತಿನಲ್ಲಿ ತವರಿನ ಮಾತನ್ನು ಕೇಳಿದ್ದಳೆಂದು ವಿಚಾರಿಸದೆ ತೀರ್ಪು ಕೊಡಬಾರದು.

ಇನ್ನು ತಿಳಿಯಲಾರದವರ ವಿಷಯ. ನಮ್ಮ ಊರಿನಂತಹ ಊರಿನಲ್ಲಿ ಇದು ದೊಡ್ಡ ಸಂಗತಿ. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸು ಪ್ರಾಂತದಲ್ಲಿದ್ದಿತು. ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ನಕಾಶೆಯ ಮೇಲೆ ಗೆರೆಯೆಳೆದರು, ಬೀದಿಯಲ್ಲಿ ಎಳೆಯಲಾಗಲಿಲ್ಲ. ಕನ್ನಡ, ತೆಲುಗು, ಉರ್ದು, ಮರಾಠಿಗಳು ಒಂದೇ ಓಣಿಯಲ್ಲಿ ಬಾಳುತ್ತಿವೆ. ಹೀಗೆ ಬಾಳುವವರು ಪರಸ್ಪರರ ಶಬ್ದಗಳನ್ನು ಬೇಗ ಕಲಿಯುತ್ತಾರೆ; ಸೂಚನೆಗಳನ್ನು ಕಲಿಯಲು ತಲೆಮಾರುಗಳು ಹಿಡಿಯುತ್ತವೆ. ವಿನಯದ ಮಾತುಗಳನ್ನು ಕುರಿತು ಬ್ರೌನ್ ಮತ್ತು ಲೆವಿನ್ಸನ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧಕ್ಕೆ ಆಧಾರವಾದ ಭಾಷೆಗಳಲ್ಲಿ ಕೊಯಮತ್ತೂರು ಜಿಲ್ಲೆಯ ತಮಿಳೂ ಒಂದು. ಎದುರಿನವನ ಮಾನವನ್ನು ಕಾಪಾಡುವುದಕ್ಕಾಗಿ ಮಾತನ್ನು ಸುತ್ತುಬಳಸಿ ಆಡುವುದು ಎಲ್ಲ ಜನಾಂಗಗಳಿಗೂ ಸಮಾನವೆಂದು ಅವರ ಮತ. ಸಮಾನವಿರಬಹುದು, ಆದರೆ ಎಲ್ಲಿ ಸುತ್ತಬೇಕು, ಎಷ್ಟು ಸುತ್ತಬೇಕು ಎಂಬುದು ಮನೆಯಿಂದ ಮನೆಗೆ ಬೇರೆ. ಹೊಸದಾಗಿ ಬಂದವನು ಸೂಚನೆಯನ್ನು ತಿಳಿಯದೆ ಕುಳಿತೇ ಇದ್ದರೆ ಅವನನ್ನು ಒರಟನೆನ್ನುತ್ತೇವೆ. ಹುಟ್ಟಿನಿಂದಲೇ ಮಾತನ್ನು ಅದು ಇದ್ದಂತೆ ಸ್ವೀಕರಿಸುವ ಮನೋಧರ್ಮದವರೂ ಇದ್ದಾರೆಂದು ಈಗಿನ ವೈದ್ಯರು ತಿಳಿಸುತ್ತಾರೆ. ಅಂತಹ ಮಕ್ಕಳನ್ನು ಮಂದಬುದ್ಧಿಗಳೆಂದು ಹಿಂದಿನವರು ಬಹಳ ನೋಯಿಸಿರಬೇಕು. ಇವರು ಯಾರೇ ಆಗಲಿ, "ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳಿರಿ" ಎಂದು ಕೇಳಿದರೆ ಅದನ್ನು ಅವಿನಯವೆಂದು ಎಣಿಸತಕ್ಕದ್ದಲ್ಲ.

ಕೊನೆಯದಾಗಿ, ಮೇಲೆ ಹೇಳಿದ ಸೂತ್ರವನ್ನು ಬಹಳ ಕಷ್ಟಕ್ಕೆ ಸಿಕ್ಕಿಸುವ ಒಂದು ಸಂದರ್ಭವನ್ನು ವಾಚಕರ ಮುಂದಿಡುತ್ತೇನೆ. ಸಿರುಗುಪ್ಪದ ಆಚೆಯ ಹಳ್ಳಿಯಿಂದ ಮಗನೊಬ್ಬನು ವೃದ್ಧನಾದ ತಂದೆಯನ್ನು ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಕರೆತಂದಿದ್ದಾನೆಂದು ಊಹಿಸಿಕೊಳ್ಳೋಣ. ವೈದ್ಯರು ಪರೀಕ್ಷಿಸಿ, ಎರಡು ದಿನ ಇಟ್ಟುಕೊಂಡು ನೋಡಿ, ಮೂರನೆಯ ದಿನ ಮಗನನ್ನು ಹೊರಗೆ ಕರೆದು, "ಮನೆಗೆ ಕರೆದುಕೊಂಡು ಹೋಗಿರಿ. ಪಥ್ಯವೇನೂ ಬೇಡ, ಅವರು ಏನು ಕೇಳುತ್ತಾರೋ ಅದನ್ನು ಕೊಡಿರಿ" ಎನ್ನುತ್ತಾರೆ. ಈ ಮಾತಿನ ಅರ್ಥವು ಓದಿದ ಮನೆತನದವರಿಗೆ ಕೂಡಲೇ ತಿಳಿಯುತ್ತದೆ. ಅವರು ಗೋಡೆಯನ್ನು ಹಿಡಿದುಕೊಳ್ಳುತ್ತಾರೆ. ಹಳ್ಳಿಯ ಮಗನ ಅನುಭವದಲ್ಲಾದರೋ ಪಥ್ಯವನ್ನು ಬಿಡಿಸುವುದು ರೋಗವು ವಾಸಿಯಾದ ಮೇಲೆ. ಅವನು ಸಂತೋಷದಿಂದ ಕೈಮುಗಿಯುತ್ತಾನೆ. ಹಣ್ಣನ್ನು ಕೊಂಡು, ತಂದೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಊರಿಗೆ ಹೊರಡುತ್ತಾನೆ. ದೂರದ ಊರಿನಲ್ಲಿರುವ ತಂಗಿಗೆ ಹೇಳಿಕಳುಹಿಸುವುದಿಲ್ಲ, ಅಪ್ಪನಿಗೆ ವಾಸಿಯಾಗಿದೆಯಲ್ಲ! ಅವಳು ಬಂದು ಮುಖ ನೋಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ವೈದ್ಯರು ಸುಳ್ಳನ್ನು ಹೇಳಲಿಲ್ಲ. ದಯೆಯಿಂದಲೇ ಆಡಿದರು, ಇದೇ ಮಾತನ್ನು ನೂರು ಸಲ ಆಡಿ, ನೂರು ಸಲವೂ ಎದುರಿನವರಿಗೆ ತಿಳಿದುದನ್ನು ಕಂಡಿರಬಹುದು. ಮೇಲಧಿಕಾರಿಯಂತೆ ಅವರು ತಮ್ಮನ್ನು ಕಾಪಾಡಿಕೊಳ್ಳಲು ಮಾತನ್ನು ಮರೆಮಾಡಿದವರಲ್ಲ. ಆದರೂ ನೇರವಾಗಿ ಆಡುವ ಸ್ವಾತಂತ್ರ್ಯವು ಅವರಿಗಿತ್ತು, ಕೇಳುವ ಸ್ವಾತಂತ್ರ್ಯವು ಮಗನಿಗಿರಲಿಲ್ಲ, ದೊಡ್ಡವರ ಎದುರಿನಲ್ಲಿ "ಹಾಗಂದ್ರೇನ್ರೀ?" ಎಂದು ಕೇಳುವ ಅಭ್ಯಾಸವನ್ನು ಅವನಿಗೆ ಯಾರೂ ಕಲಿಸಿಲ್ಲ. ವೈದ್ಯರಿಗೆ ಇನ್ನೊಂದು ಸೌಕರ್ಯವೂ ಇತ್ತು. ಮಗನು ಕೈಮುಗಿದು ನಗುತ್ತಿರುವುದನ್ನು ಅವರು ಕಣ್ಣಾರೆ ಕಂಡರು. ಮರಣದ ಸುದ್ದಿಯನ್ನು ಕೇಳಿದವನು ಹಾಗೆ ನಗುವುದಿಲ್ಲವೆಂಬುದನ್ನು ಅನುಮಾನಿಸಲು ಶಾಸ್ತ್ರವನ್ನು ಓದಿರಬೇಕಾಗಿಲ್ಲ. ಆ ಕ್ಷಣದಲ್ಲಿ ಅವನನ್ನು ಮರಳಿ ಕರೆದು, ಪಕ್ಕದ ಬೆಂಚಿನ ಮೇಲೆ ಕೂರಿಸಿ, ಇನ್ನೊಂದು ಮಾತನ್ನು, ಎಷ್ಟೇ ಮೆಲ್ಲಗಾದರೂ, ವಾಚ್ಯವಾಗಿಯೇ ಆಡಬೇಕಾಗಿತ್ತು. ಹೊರಗೆ ಮುಂದಿನ ರೋಗಿಯು ಕಾಯುತ್ತಿದ್ದನು. ಮಗನು ಆಗಲೇ ಮೆಟ್ಟಿಲನ್ನು ಇಳಿಯುತ್ತಿದ್ದನು.